ಅಮೆರಿಕ ಯುದ್ಧಕ್ಕೆ ಹೋಗೋದೆಲ್ಲ ಎಣ್ಣೆಗೋಸ್ಕರಾನಾ? ಇರಾನ್, ಇರಾಕ್ ದಾಖಲೆಗಳಲ್ಲಿ ಏನಿದೆ

ಪ್ರಶ್ನೆ: ಸರ್, ನಮ್ಮ ಆಫೀಸಲ್ಲಿ ಊಟದ ಹೊತ್ತಲ್ಲಿ ಇದೇ ಜಗಳ. ಒಬ್ರು ಹೇಳ್ತಾರೆ ಅಮೆರಿಕ, ಬ್ರಿಟನ್ ಎಲ್ಲಿ ಕೈ ಹಾಕಿದ್ರೂ ಅದು ಎಣ್ಣೆ ದೋಚೋಕೇನೇ, ಮಿಕ್ಕಿದ್ದೆಲ್ಲ ನೆಪ ಅಂತ. ಇನ್ನೊಬ್ರು, ಎಣ್ಣೆ ಬೇಕಾದ್ರೆ ದುಡ್ಡು ಕೊಟ್ಟು ತಗೊಂಡ್ರಾಯ್ತು, ಅದಕ್ಕೆ ಯುದ್ಧ ಯಾರ್ ಮಾಡ್ತಾರೆ, ಈಗಂತೂ ಅಮೆರಿಕದಲ್ಲೇ ಬೇಕಾದಷ್ಟು ಎಣ್ಣೆ ಸಿಗತ್ತೆ ಅಂತಾರೆ. ಇರಾನ್, ಇರಾಕ್ ವಿಷ್ಯದಲ್ಲಿ ನಿಜ ಏನು, ಸ್ವಲ್ಪ ವಿವರವಾಗಿ ಹೇಳ್ತೀರಾ?

ಉತ್ತರ: ಮೊದ್ಲು ಇರಾನ್ ತಗೊಳ್ಳೋಣ, ಯಾಕಂದ್ರೆ ಅಲ್ಲಿ ವಾದಕ್ಕೆ ಜಾಗ ಕಮ್ಮಿ, ಏನಾಯ್ತು ಅನ್ನೋದನ್ನ ಮಾಡಿದೋರೇ ಒಪ್ಕೊಂಡಿದ್ದಾರೆ. ಆದ್ರೆ ಅಲ್ಲೂ ಕಥೆ ನಿಮ್ಮ ಮೊದಲ್ನೇ ಸ್ನೇಹಿತರು ಹೇಳೋಷ್ಟು ನೇರ ಇಲ್ಲ, ಅದನ್ನೂ ಹೇಳ್ತೀನಿ.

1901ರಲ್ಲಿ ವಿಲಿಯಂ ನಾಕ್ಸ್ ಡಾರ್ಸಿ ಅನ್ನೋ ಇಂಗ್ಲಿಷ್ ವ್ಯಾಪಾರಿಗೆ ಇರಾನಿನ ಆಗಿನ ಷಾ, ಅಂದ್ರೆ ರಾಜ, ಬರ್ಕೊಟ್ಟಿದ್ದು ಏನು ನೋಡಿ. ಉತ್ತರದ ಐದು ಪ್ರಾಂತ್ಯ ಬಿಟ್ಟು ಇಡೀ ದೇಶದಲ್ಲಿ 60 ವರ್ಷ ಎಣ್ಣೆ ಹುಡುಕಿ ತೆಗೆದು ಮಾರೋ ಹಕ್ಕು. ಬದ್ಲಿಗೆ ಇರಾನಿಗೆ ಸಿಕ್ಕಿದ್ದು 20 ಸಾವಿರ ಪೌಂಡ್ ನಗದು, ಅಷ್ಟೇ ಬೆಲೆಯ ಷೇರು, ಆಮೇಲೆ ಲಾಭದಲ್ಲಿ 16 ಪರ್ಸೆಂಟು. ಏಳು ವರ್ಷ ತಡಕಾಡಿ, ದುಡ್ಡು ಮುಗಿಯೋ ಹೊತ್ತಿಗೆ, 1908ರಲ್ಲಿ ಮಸ್ಜಿದ್ ಸುಲೈಮಾನ್ ಅನ್ನೋ ಕಡೆ ಎಣ್ಣೆ ಚಿಮ್ಮಿತು. ಮರುವರ್ಷ ಆಂಗ್ಲೋ ಪರ್ಷಿಯನ್ ಆಯಿಲ್ ಕಂಪನಿ ಹುಟ್ಟಿತು. ಆಗ ಬ್ರಿಟಿಷ್ ನೌಕಾಪಡೆ ಕಲ್ಲಿದ್ದಲು ಬಿಟ್ಟು ಎಣ್ಣೆಗೆ ಬದ್ಲಾಗ್ತಾ ಇತ್ತು, ಬ್ರಿಟನ್‌ನಲ್ಲಿ ಕಲ್ಲಿದ್ದಲು ರಾಶಿ ಇತ್ತು ಎಣ್ಣೆ ಮಾತ್ರ ಹೇಳ್ಕೊಳ್ಳೋಷ್ಟು ಇರ್ಲಿಲ್ಲ. ನೌಕಾಪಡೆ ಮಂತ್ರಿ ವಿನ್ಸ್ಟನ್ ಚರ್ಚಿಲ್. 1914ರಲ್ಲಿ ಸರ್ಕಾರಾನೇ ಕಂಪನಿಯ 51 ಪರ್ಸೆಂಟ್ ಷೇರು ತಗೊಂಡ್ಬಿಟ್ಟಿತು. ಅಲ್ಲಿಂದಾಚೆ ಕಂಪನಿ ಎಲ್ಲಿ ಮುಗಿಯತ್ತೆ ಸರ್ಕಾರ ಎಲ್ಲಿ ಶುರು ಆಗತ್ತೆ ಅಂತ ಗೆರೆ ಎಳೆಯೋದು ಕಷ್ಟ.

ಅದೇ ವರ್ಷ ನವೆಂಬರಲ್ಲಿ ಟರ್ಕಿ ಜೊತೆ ಯುದ್ಧ ಶುರುವಾದ ತಕ್ಷಣ ಬ್ರಿಟಿಷರು ಷತ್ ಅಲ್ ಅರಬ್ ನದಿ ಸಮುದ್ರ ಸೇರೋ ಫಾವ್‌ನಲ್ಲಿ ಸೈನ್ಯ ಇಳಿಸಿದ್ರು, ಕಾರಣಗಳಲ್ಲಿ ಒಂದು ಪಕ್ಕದಲ್ಲೇ ಇರಾನಲ್ಲಿದ್ದ ಕಂಪನಿಯ ಅಬಾದಾನ್ ರಿಫೈನರಿ ಮತ್ತೆ ಪೈಪ್‌ಲೈನ್ ಕಾಯೋದು. ಇಳಿದ ಸೈನ್ಯ ಯಾರದ್ದು ಅಂದ್ರೆ ನಮ್ದೇ, ಭಾರತದಿಂದ ಹೋದ ಪಡೆ. ಬೆಂಗಳೂರಲ್ಲಿ ಕೇಂದ್ರ ಇರೋ ಮದ್ರಾಸ್ ಸ್ಯಾಪರ್ಸ್‌ನ ಕಂಪನಿಗಳೂ ಆ ಮೆಸೊಪೊಟೇಮಿಯಾ, ಅಂದ್ರೆ ಈಗಿನ ಇರಾಕಿನ, ಯುದ್ಧದಲ್ಲಿ ಇದ್ವು. ಎಣ್ಣೆಗೂ ಸೈನ್ಯಕ್ಕೂ ನಂಟು ಅಂದಾಗ ನಮ್ಗೆ ತಕ್ಷಣ ಅಮೆರಿಕ ನೆನಪಾಗತ್ತೆ, ಆದ್ರೆ ಅಮೆರಿಕ ಆ ಕಡೆ ತಲೆ ಹಾಕೋಕೆ ಎಷ್ಟೋ ವರ್ಷ ಮುಂಚೇನೇ ನಮ್ಮ ಸಿಪಾಯಿಗಳು ಅಲ್ಲಿ ಎಣ್ಣೆ ಕಾಯ್ತಿದ್ರು.

ಈಗ 1951ಕ್ಕೆ ಬನ್ನಿ. ಅಷ್ಟೊತ್ತಿಗೆ ಅಬಾದಾನ್ ಜಗತ್ತಿನ ಅತಿ ದೊಡ್ಡ ರಿಫೈನರಿ. ಕಂಪನಿ ಇರಾನಿಗೆ ಕೊಡೋ ರಾಯಲ್ಟಿಗಿಂತ ಬ್ರಿಟಿಷ್ ಸರ್ಕಾರಕ್ಕೆ ಕಟ್ಟೋ ಟ್ಯಾಕ್ಸೇ ಜಾಸ್ತಿ ಇತ್ತು. 1950ರ ಡಿಸೆಂಬರಲ್ಲಿ ಪಕ್ಕದ ಸೌದಿಗೆ ಅಮೆರಿಕನ್ ಕಂಪನಿಗಳು ಲಾಭದಲ್ಲಿ ಅರ್ಧರ್ಧ ಅಂತ ಒಪ್ಕೊಂಡ್ವು, ಇದು ಗೊತ್ತಾದ್ಮೇಲೆ ಇರಾನಿನೋರು ಸುಮ್ನಿರ್ತಾರಾ? 1951ರ ಮಾರ್ಚಲ್ಲಿ ಪಾರ್ಲಿಮೆಂಟು ಎಣ್ಣೆ ರಾಷ್ಟ್ರೀಕರಣ ಮಾಡಿತು, ಏಪ್ರಿಲ್ ಕೊನೇಲಿ ಮೊಹಮ್ಮದ್ ಮೊಸಾದೆಕ್ ಪ್ರಧಾನಿ ಆದ್ರು. ಬ್ರಿಟಿಷರು ಅಬಾದಾನನ್ನ ಸೈನ್ಯ ನುಗ್ಗಿಸಿ ಹಿಡಿಯೋ ಪ್ಲಾನು ನಿಜವಾಗ್ಲೂ ಮಾಡಿದ್ರು, ಅದಕ್ಕೊಂದು ಹೆಸರೂ ಇಟ್ಟಿದ್ರು, ಬಕನೀರ್ ಅಂತ, ಅಂದ್ರೆ ಕಡಲ್ಗಳ್ಳ. ಹೆಸರಿಡುವಾಗ ಯಾರಿಗೂ ಒಂಚೂರು ಮುಜುಗರ ಆಗ್ಲಿಲ್ವೋ ಏನೋ. ಅಮೆರಿಕ ಅಧ್ಯಕ್ಷ ಟ್ರೂಮನ್ ಬೇಡ ಅಂದ್ರು, ಪ್ರಧಾನಿ ಆಟ್ಲಿ ಕೈ ಬಿಟ್ರು. ಅಕ್ಟೋಬರಲ್ಲಿ ಕಂಪನಿಯ ಬ್ರಿಟಿಷ್ ನೌಕರರು ಯುದ್ಧನೌಕೆ ಹತ್ತಿ ಅಬಾದಾನ್ ಬಿಟ್ಟು ಹೋದ್ರು.

ಸೈನ್ಯ ಬರ್ಲಿಲ್ಲ, ಆದ್ರೆ ಕೊರಳು ಹಿಚುಕೋಕೆ ಸೈನ್ಯಾನೇ ಬೇಕು ಅಂತೇನಿಲ್ಲ. ಇರಾನಿನ ಎಣ್ಣೆ ಯಾರು ಕೊಂಡ್ರೂ ಅದು ಕದ್ದ ಮಾಲು, ಕೋರ್ಟಿಗೆ ಎಳೀತೀವಿ ಅಂತ ಕಂಪನಿ ಜಗತ್ತಿಗೆಲ್ಲ ನೋಟಿಸ್ ಕೊಟ್ಟಿತು. 1952ರಲ್ಲಿ ರೋಸ್ ಮೇರಿ ಅನ್ನೋ ಸಣ್ಣ ಟ್ಯಾಂಕರು ಇರಾನಿನ ಎಣ್ಣೆ ತುಂಬ್ಕೊಂಡು ಇಟಲಿ ಕಡೆ ಹೊರಟಿತ್ತು, ಬ್ರಿಟಿಷರು ಅದನ್ನ ಏಡನ್ ಬಂದರಿಗೆ ತಿರುಗಿಸಿ ಹಿಡಿದಿಟ್ರು, ಅಲ್ಲಿನ ಕೋರ್ಟು, ಅದೂ ಬ್ರಿಟಿಷರದ್ದೇ, ಮಾಲು ಕಂಪನೀದು ಅಂತ ತೀರ್ಪು ಕೊಟ್ಟಿತು. ಅಂತಾರಾಷ್ಟ್ರೀಯ ನ್ಯಾಯಾಲಯ ಮಾತ್ರ ಅದೇ ವರ್ಷ ಜುಲೈನಲ್ಲಿ ಈ ಜಗಳ ನಮ್ಮ ವ್ಯಾಪ್ತಿಗೆ ಬರಲ್ಲ ಅಂದ್ಬಿಟ್ಟಿತು, ಮೊಸಾದೆಕ್ ಖುದ್ದಾಗಿ ಹೇಗ್‌ಗೆ ಹೋಗಿ ವಾದ ಮಾಡಿದ್ರು. ಆದ್ರೆ ಒಂದು ಟ್ಯಾಂಕರ್ ಹಿಡಿದ್ರೆ ಸಾಕು ರೀ, ಎಣ್ಣೆ ಸಾಗಿಸೋರಿಗೆ ನ್ಯಾಯಕ್ಕಿಂತ ಇನ್ಶೂರೆನ್ಸ್ ಮುಖ್ಯ, ಮಾಲಿಗೆ ತಕರಾರಿದೆ ಅಂತ ಗೊತ್ತಾದ್ರೆ ಹಡಗಿನ ಮಾಲೀಕರು ಆ ಬಂದರಿನ ಕಡೆ ತಲೆ ಹಾಕಲ್ಲ. ಇರಾನಿನ ರಫ್ತು ಹೆಚ್ಚುಕಮ್ಮಿ ನಿಂತೇ ಹೋಯ್ತು.

ಇಲ್ಲೊಂದು ವಿಷ್ಯ ನಿಮ್ಮ ಇಬ್ರು ಸ್ನೇಹಿತ್ರೂ ಗಮನಿಸ್ಬೇಕು. ಇರಾನಿನ ಎಣ್ಣೆ ನಿಂತಿದ್ದಕ್ಕೆ ಜಗತ್ತಲ್ಲಿ ಎಣ್ಣೆ ಬರಗಾಲ ಬರ್ಲಿಲ್ಲ. ಕುವೈತ್, ಸೌದಿ, ಇರಾಕ್ ಮೂರೂ ಕಡೆ ಜಾಸ್ತಿ ತೆಗೆದು ಆ ಜಾಗ ತುಂಬಿಸಿದ್ರು. ಅಂದ್ರೆ 1953ರ ಹೊತ್ತಿಗೆ ಬ್ರಿಟನ್‌ಗಾಗ್ಲಿ ಅಮೆರಿಕಕ್ಕಾಗ್ಲಿ ಇರಾನಿನ ಎಣ್ಣೆ ಇಲ್ದೆ ಗಾಡಿ ನಿಲ್ಲೋ ಪರಿಸ್ಥಿತಿ ಇರ್ಲಿಲ್ಲ. ಹಾಗಿದ್ರೆ ಯಾಕೆ ಹಠ? ಬ್ರಿಟಿಷರಿಗೆ ಇದು ವಿದೇಶಿ ವಿನಿಮಯದ ದೊಡ್ಡ ಮೂಲ, ಅದೊಂದು. ಅದಕ್ಕಿಂತ ದೊಡ್ಡ ಭಯ ಅಂದ್ರೆ ಇರಾನ್ ಹೀಗೆ ಮಾಡಿ ದಕ್ಕಿಸ್ಕೊಂಡ್ರೆ ನಾಳೆ ಕುವೈತ್, ಇರಾಕ್, ವೆನೆಜುವೆಲಾ ಎಲ್ಲರೂ ಮಾಡ್ತಾರೆ ಅನ್ನೋದು. ಅಮೆರಿಕದಲ್ಲಿ ಐಸೆನ್‌ಹೋವರ್ ಬಂದ್ಮೇಲೆ ಕಮ್ಯುನಿಸ್ಟ್ ಭಯ ಇದಕ್ಕೆ ಸೇರ್ಕೊಂಡಿತು, ಇರಾನಿನ ತೂದೆ ಪಕ್ಷ ನಾಳೆ ಗದ್ದುಗೆ ಹಿಡಿದ್ರೆ ಅಂತ. ಆ ಭಯ ಬರೀ ನಾಟಕ ಅಂತ ನಾನು ಹೇಳಲ್ಲ, ಕೊರಿಯಾ ಯುದ್ಧ ಆಗಷ್ಟೇ ಮುಗೀತಿತ್ತು, ಆ ಜನ ಅದನ್ನ ನಂಬಿದ್ರು.

1953 ಆಗಸ್ಟಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಮತ್ತೆ ಬ್ರಿಟಿಷ್ ಗುಪ್ತಚರರು ಸೇರಿ ಮೊಸಾದೆಕ್‌ರನ್ನ ಇಳಿಸೋಕೆ ಮಾಡಿದ ಮೊದಲ ಪ್ರಯತ್ನ ಕೈ ಕೊಟ್ಟಿತು, ಷಾ ಬಾಗ್ದಾದಿಗೆ ಹಾರಿ ಅಲ್ಲಿಂದ ರೋಮ್‌ಗೆ ಹೋದ. ಮೂರ್ನಾಲ್ಕು ದಿನದಲ್ಲಿ, 19ನೇ ತಾರೀಕು, ಬೀದಿ ಗಲಾಟೆ, ಟ್ಯಾಂಕು, ದುಡ್ಡು ಎಲ್ಲ ಸೇರಿ ಮೊಸಾದೆಕ್ ಸರ್ಕಾರ ಬಿತ್ತು. ಅವ್ರಿಗೆ ಮೂರು ವರ್ಷ ಜೈಲು, ಆಮೇಲೆ 1967ರಲ್ಲಿ ತೀರಿಕೊಳ್ಳೋವರ್ಗೂ ಊರಲ್ಲಿ ಗೃಹಬಂಧನ. ತನ್ನ ಕೈವಾಡ ಇತ್ತು ಅನ್ನೋ ದಾಖಲೆಗಳನ್ನ ಸಿಐಎ 2013ರಲ್ಲಿ ಹೊರಗೆ ಬಿಟ್ಟಿತು.

ಯುದ್ಧವೋ ಕ್ಷಿಪ್ರಕ್ರಾಂತಿಯೋ ಆದ್ಮೇಲೆ ಏನಾಯ್ತು ಅನ್ನೋಕೆ ನಾನು ಯಾವಾಗ್ಲೂ ಭಾಷಣ ಬಿಟ್ಟು ಕಾಂಟ್ರಾಕ್ಟ್ ನೋಡ್ತೀನಿ. 1954ರ ಕಾಂಟ್ರಾಕ್ಟಲ್ಲಿ ಪಾಲು ಹೀಗಿದೆ: ಹಳೇ ಬ್ರಿಟಿಷ್ ಕಂಪನಿಗೆ, ಅಂದ್ರೆ ಈಗಿನ ಬಿಪಿಗೆ, 40 ಪರ್ಸೆಂಟು, ಐದು ಅಮೆರಿಕನ್ ಕಂಪನಿಗಳಿಗೆ ತಲಾ 8ರಂತೆ 40, ಶೆಲ್‌ಗೆ 14, ಫ್ರೆಂಚರಿಗೆ 6. ಮೂರು ವರ್ಷ ಹಿಂದೆ ಅಮೆರಿಕದ ಪಾಲು ಸೊನ್ನೆ ಇತ್ತು. ಹೆಸರಿಗೆ ಎಣ್ಣೆ ಇರಾನಿನ ರಾಷ್ಟ್ರೀಯ ಕಂಪನೀದೇ, ಲಾಭ ಅರ್ಧರ್ಧ, ಆದ್ರೆ ಎಷ್ಟು ತೆಗೀಬೇಕು ಎಷ್ಟಕ್ಕೆ ಮಾರ್ಬೇಕು ಅಂತ ತೀರ್ಮಾನ ಮಾಡೋದು ಈ ಕೂಟ. ಲೆಕ್ಕದ ಪುಸ್ತಕ ನೋಡೋ ಹಕ್ಕೂ ಇರಾನಿನೋರಿಗೆ ಇರ್ಲಿಲ್ಲ, ಬೋರ್ಡಲ್ಲಿ ಕುರ್ಚೀನೂ ಇಲ್ಲ.

ಇದನ್ನ ಓದಿ ನಿಮ್ಮ ಮೊದಲ್ನೇ ಸ್ನೇಹಿತರು ನೋಡಿ ನಾನ್ ಹೇಳ್ಲಿಲ್ವಾ ಅಂತಾರೆ. ಸ್ವಲ್ಪ ತಡೀರಿ. ಆ ಐದು ಅಮೆರಿಕನ್ ಕಂಪನಿಗಳಿಗೆ ಇರಾನಿನ ಎಣ್ಣೆ ಅಷ್ಟಾಗಿ ಬೇಕಿರ್ಲಿಲ್ಲ! ಅವ್ರ ಹತ್ರ ಆಗ್ಲೇ ಸೌದಿ, ಕುವೈತ್‌ಗಳಲ್ಲಿ ಮಾರೋಕೆ ಆಗದಷ್ಟು ಎಣ್ಣೆ ಇತ್ತು, ಇರಾನಿನ ಎಣ್ಣೆ ಮತ್ತೆ ಬಂದ್ರೆ ತಮ್ಮ ಸೌದಿ ಉತ್ಪಾದನೆ ಕಮ್ಮಿ ಮಾಡ್ಬೇಕು, ಆಗ ಸೌದಿ ರಾಜ ಸಿಟ್ಟಾಗ್ತಾನೆ. ಜೊತೆಗೆ ಇದೇ ಕಂಪನಿಗಳ ಮೇಲೆ ಅಮೆರಿಕ ಸರ್ಕಾರಾನೇ ಕಾರ್ಟೆಲ್ ಮಾಡ್ಕೊಂಡಿದ್ದೀರಿ, ಅಂದ್ರೆ ಒಳಗೊಳಗೇ ಸೇರ್ಕೊಂಡು ಮಾರ್ಕೆಟ್ ಹಂಚ್ಕೊಂಡಿದ್ದೀರಿ ಅಂತ ಕ್ರಿಮಿನಲ್ ತನಿಖೆ ನಡೆಸ್ತಿತ್ತು, ಅದನ್ನ ಸಿವಿಲ್ ಕೇಸಿಗೆ ಇಳಿಸಿ ಕಂಪನಿಗಳನ್ನ ಇರಾನಿಗೆ ಹೋಗಿ ಹೋಗಿ ಅಂತ ಪುಸಲಾಯಿಸಿದ್ದು ಸರ್ಕಾರ. ಕಂಪನಿಗಳು ಸರ್ಕಾರವನ್ನ ಯುದ್ಧಕ್ಕೆ ತಳ್ಳತ್ವೆ ಅನ್ನೋ ಚಿತ್ರ ನಮ್ಮ ತಲೇಲಿ ಕೂತಿದೆ, ಇಲ್ಲಿ ಸರ್ಕಾರಾನೇ ಕಂಪನಿಗಳನ್ನ ತಳ್ಕೊಂಡು ಹೋಗಿದೆ. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ, ದೊಡ್ಡ ದೇಶಗಳಿಗೆ ಎಣ್ಣೆ ವಿಷ್ಯದಲ್ಲಿ ಬೇಕಾಗಿರೋದು ಕದ್ದು ತುಂಬ್ಕೊಂಡು ಬರೋ ಮಾಲಲ್ಲ, ಎಷ್ಟು ಎಣ್ಣೆ ಯಾರ ಮಾತಿನಂತೆ ಹರೀಬೇಕು ಅನ್ನೋ ಹಿಡಿತ. ಮುಂದೆ ಬರೋ ಪ್ರತಿಯೊಂದು ಉದಾಹರಣೇಲೂ ಅದನ್ನೇ ಹುಡುಕ್ತಾ ಹೋಗಿ.

1956ರ ಸೂಯೆಜ್ ಬಗ್ಗೆ ಎರಡೇ ಮಾತು. ಈಜಿಪ್ಟಿನ ಅಧ್ಯಕ್ಷ ನಾಸರ್ ಸೂಯೆಜ್ ಕಾಲುವೆ ರಾಷ್ಟ್ರೀಕರಣ ಮಾಡಿದ್ರು, ಯೂರೋಪಿನ ಎಣ್ಣೇಲಿ ದೊಡ್ಡ ಪಾಲು ಅದೇ ದಾರೀಲಿ ಬರ್ತಿತ್ತು, ಬ್ರಿಟನ್ ಫ್ರಾನ್ಸ್ ಇಸ್ರೇಲ್ ಸೇರಿ ದಾಳಿ ಮಾಡಿದ್ವು. ಆಗಿದ್ದೇನು? ಕಾಲುವೆ ಬಂದಾಯ್ತು, ಸಿರಿಯಾದಲ್ಲಿ ಪೈಪ್‌ಲೈನಿನ ಪಂಪಿಂಗ್ ಸ್ಟೇಷನ್ ಸ್ಫೋಟ ಮಾಡಿದ್ರು, ಸೌದಿ ಎಣ್ಣೆ ಕೊಡಲ್ಲ ಅಂತು, ಅಮೆರಿಕಾನೂ, ನೀವು ಸೈನ್ಯ ವಾಪಸ್ ತಗೊಳ್ಳೋವರ್ಗೂ ನಮ್ಮ ಎಣ್ಣೆ ಇಲ್ಲ ಅಂತ ಕೂತಿತು. ಎಣ್ಣೆ ದಾರಿ ಉಳಿಸ್ಕೊಳ್ಳೋಕೆ ಹೋದೋರ ದೇಶದಲ್ಲೇ ಪೆಟ್ರೋಲಿಗೆ ರೇಷನ್ ಬಂತು.

ಈಗ 1990. ಆಗಸ್ಟ್ 2ಕ್ಕೆ ಸದ್ದಾಂ ಕುವೈತಿಗೆ ನುಗ್ಗಿದ. ಇದು ಎಣ್ಣೆಗಾಗಿ ನಡೆದ ಆಕ್ರಮಣ ಅನ್ನೋದಕ್ಕೆ ಅನುಮಾನಾನೇ ಬೇಡ, ಆದ್ರೆ ಮಾಡಿದ್ದು ಇರಾಕ್, ಇದನ್ನ ನಾವು ಆಗಾಗ ಮರೀತೀವಿ. ಇರಾನ್ ಜೊತೆ ಎಂಟು ವರ್ಷ ಯುದ್ಧ ಮಾಡಿ ಸಾಲದಲ್ಲಿ ಮುಳುಗಿದ್ದ, ಕುವೈತ್ ಎಣ್ಣೆ ದೇಶಗಳ ಕೂಟ ಒಪೆಕ್ ಹಾಕಿದ ಕೋಟಾಗಿಂತ ಜಾಸ್ತಿ ಎಣ್ಣೆ ತೆಗೆದು ರೇಟು ಬೀಳಿಸ್ತಿದೆ, ಗಡಿಯ ರುಮೈಲಾ ನಿಕ್ಷೇಪದಿಂದ ನಮ್ಮ ಎಣ್ಣೆ ಎಳೀತಿದೆ ಅಂತ ಅವನ ತಕರಾರು. ಸದ್ದಾಂ ಕೈಗೆ ಇರಾಕ್ ಜೊತೆ ಕುವೈತೂ ಸೇರಿದ್ರೆ ಜಗತ್ತಿನ ಗೊತ್ತಿರೋ ನಿಕ್ಷೇಪದ ಐದನೇ ಒಂದು ಭಾಗ ಅವನದ್ದು, ಸೌದಿ ಗಡಿ ಪಕ್ಕದಲ್ಲೇ. 1991 ಜನವರಿ 15ಕ್ಕೆ, ಅಂದ್ರೆ ಬಾಂಬ್ ಬೀಳೋಕೆ ಒಂದೆರಡು ದಿನ ಮುಂಚೆ, ಅಧ್ಯಕ್ಷ ಜಾರ್ಜ್ ಬುಷ್, ಅಪ್ಪ ಬುಷ್, ಒಂದು ರಹಸ್ಯ ಆದೇಶಕ್ಕೆ ಸಹಿ ಹಾಕ್ತಾರೆ, ನ್ಯಾಷನಲ್ ಸೆಕ್ಯುರಿಟಿ ಡೈರೆಕ್ಟಿವ್ 54 ಅಂತ. ಅದರ ಮೊದಲ್ನೇ ಸಾಲೇ ಪರ್ಷಿಯನ್ ಗಲ್ಫಿನ ಎಣ್ಣೆ ನಮ್ಗೆ ಸಿಗೋದು ಮತ್ತೆ ಅಲ್ಲಿನ ಮಿತ್ರದೇಶಗಳ ಭದ್ರತೆ ಅಮೆರಿಕದ ರಾಷ್ಟ್ರೀಯ ಭದ್ರತೆಗೆ ಅತ್ಯಗತ್ಯ ಅಂತ ಹೇಳತ್ತೆ. ಈಗ ಆ ಕಾಗದ ಯಾರ್ ಬೇಕಾದ್ರೂ ಓದ್ಬೋದು. ಟೀವಿ ಭಾಷಣದಲ್ಲಿ ಸ್ವಾತಂತ್ರ್ಯ, ಆಕ್ರಮಣ ವಿರೋಧ ಅಂತ ಇದ್ದಿದ್ದು ಸುಳ್ಳು ಅಂತಲ್ಲ, ಅದೂ ಇತ್ತು, ಆದ್ರೆ ಒಳಗಿನ ಕಾಗದದಲ್ಲಿ ಯಾವ್ದು ಮೊದ್ಲು ಬರತ್ತೆ ನೋಡಿ.

ಆ ಯುದ್ಧದ ಬಿಸಿ ನಮ್ಗೂ ಚೆನ್ನಾಗೇ ತಟ್ಟಿತು. ಕುವೈತ್, ಇರಾಕಲ್ಲಿ ಸಿಕ್ಕಿಹಾಕ್ಕೊಂಡಿದ್ದ ಸುಮಾರು 1.7 ಲಕ್ಷ ಭಾರತೀಯರನ್ನ ಜೋರ್ಡಾನಿನ ಅಮ್ಮಾನ್ ಮೂಲಕ ವಿಮಾನದಲ್ಲಿ ಕರ್ಕೊಂಡು ಬಂದ್ರು, ಮಂಗಳೂರು ಉಡುಪಿ ಕಡೆ ಮನೆಗಳಲ್ಲಿ ಇವತ್ತಿಗೂ ಆ ಕಥೆ ಹೇಳೋರು ಸಿಗ್ತಾರೆ. ಎಣ್ಣೆ ರೇಟು ಕೆಲವೇ ತಿಂಗಳಲ್ಲಿ ಎರಡು ಪಟ್ಟಿಗಿಂತ ಮೇಲೆ ಹೋಯ್ತು, ಗಲ್ಫಿಂದ ಬರ್ತಿದ್ದ ದುಡ್ಡು ನಿಂತಿತು, ಮೊದ್ಲೇ ಬಡಕಲಾಗಿದ್ದ ನಮ್ಮ ವಿದೇಶಿ ವಿನಿಮಯ ಖಾಲಿ ಆಗಿ 1991ರಲ್ಲಿ ಚಿನ್ನ ಒತ್ತೆ ಇಟ್ವಿ.

ಇನ್ನು ನಿಜವಾದ ಜಗಳ ಇರೋದು 2003ರಲ್ಲಿ ಅಮೆರಿಕ, ಬ್ರಿಟನ್ ಇರಾಕಿಗೆ ನುಗ್ಗಿದ ಯುದ್ಧದ ಬಗ್ಗೆ.

ಎಣ್ಣೆಗಾಗಿ ಅನ್ನೋರ ಹತ್ರ ಗಟ್ಟಿ ಸಾಕ್ಷಿ ಇದೆ. 2001ರಲ್ಲಿ, ಅವಳಿ ಕಟ್ಟಡದ ದಾಳಿಗೂ ಮುಂಚೆ, ಉಪಾಧ್ಯಕ್ಷ ಡಿಕ್ ಚೇನಿ ನೇತೃತ್ವದ ಇಂಧನ ಸಮಿತಿಯ ಕಡತದಲ್ಲಿ ಇರಾಕಿನ ಎಣ್ಣೆ ನಿಕ್ಷೇಪಗಳ ಮ್ಯಾಪು ಇತ್ತು, ಜೊತೆಗೆ ಯಾವ ಯಾವ ದೇಶದ ಕಂಪನಿ ಯಾವ ನಿಕ್ಷೇಪಕ್ಕೆ ಗಾಳ ಹಾಕ್ತಿದೆ ಅನ್ನೋ ಪಟ್ಟಿ. ಕೋರ್ಟಿಗೆ ಹೋಗಿ ಈ ಕಾಗದ ಹೊರಗೆ ತೆಗೆಸಿದ್ರು. ಬ್ರಿಟನ್‌ನಲ್ಲೂ ಅಷ್ಟೇ, ಯುದ್ಧಕ್ಕೆ ತಿಂಗಳುಗಳ ಮುಂಚೆ 2002ರ ಕೊನೇಲಿ ಬಿಪಿ ಜೊತೆ ಮಂತ್ರಿ ಮೀಟಿಂಗ್ ಮಾಡಿದ್ದು, ಇರಾಕಲ್ಲಿ ನಮ್ಮ ಕಂಪನಿಗಳಿಗೂ ಪಾಲು ಸಿಗ್ಬೇಕು ಅಂತ ಮಾತಾಡಿದ್ದು ಆಮೇಲೆ ಮಾಹಿತಿ ಹಕ್ಕಲ್ಲಿ ಬಯಲಾಯ್ತು. 2003 ಏಪ್ರಿಲಲ್ಲಿ ಬಾಗ್ದಾದ್ ಬಿದ್ದಾಗ ರಾಷ್ಟ್ರೀಯ ಮ್ಯೂಸಿಯಂ ದಿನಗಟ್ಟಲೆ ಲೂಟಿ ಆಯ್ತು, ತೈಲ ಸಚಿವಾಲಯದ ಮುಂದೆ ಮಾತ್ರ ಅಮೆರಿಕದ ಸೈನಿಕರ ಕಾವಲು. ಸಾವಿರಾರು ವರ್ಷ ಹಳೇ ಸುಮೇರಿಯನ್ ಮೂರ್ತಿಗಳಿಗೆ ಇಲ್ಲದ ಕಾವಲು ಫೈಲುಗಳಿಗೆ ಸಿಕ್ಕಿತು. ಆದ್ಯತೆ ಏನು ಅಂತ ಕೇಳೋರಿಗೆ ಇದಕ್ಕಿಂತ ಬೇರೆ ಏನ್ ಬೇಕು.

ಆದ್ರೆ ಒಂದು ಸಾಕ್ಷಿ ಮಾತ್ರ ದಯವಿಟ್ಟು ಉಪಯೋಗಿಸ್ಬೇಡಿ, ವಾಟ್ಸಾಪಲ್ಲಿ ಇವತ್ತಿಗೂ ಓಡಾಡ್ತಿದೆ. ಅಮೆರಿಕದ ಉಪ ರಕ್ಷಣಾ ಮಂತ್ರಿ ಪಾಲ್ ವುಲ್ಫೋವಿಟ್ಜ್ ಇರಾಕ್ ಎಣ್ಣೆ ಸಮುದ್ರದ ಮೇಲೆ ತೇಲ್ತಿದೆ ಅದಕ್ಕೇ ಯುದ್ಧ ಮಾಡಿದ್ವಿ ಅಂದ್ರು ಅಂತ. ಜೂನ್ 2003ರಲ್ಲಿ ಗಾರ್ಡಿಯನ್ ಪತ್ರಿಕೆ ಹೀಗೆ ಹಾಕಿತ್ತು, ಬೆನ್ನಲ್ಲೇ ತಪ್ಪು ಅಂತ ವಾಪಸ್ ತಗೊಂಡಿತು. ಅವ್ರು ಹೇಳಿದ್ದು ಉತ್ತರ ಕೊರಿಯಾ ಮೇಲೆ ಆರ್ಥಿಕ ಒತ್ತಡ ಕೆಲಸ ಮಾಡ್ಬೋದು, ಇರಾಕ್ ಮೇಲೆ ಆಗ್ಲಿಲ್ಲ, ಯಾಕಂದ್ರೆ ಆ ದೇಶ ಎಣ್ಣೆ ಮೇಲೆ ತೇಲ್ತಿದೆ ಅಂತ. ಎರಡಕ್ಕೂ ಅಜಗಜಾಂತರ.

ಈಗ ಇನ್ನೊಂದು ಪಕ್ಕ ನೋಡಿ. ಯುದ್ಧಕ್ಕೆ ಎರಡು ವರ್ಷ ಮುಂಚೆ, 2001ರಲ್ಲಿ, ಅಮೆರಿಕ ಇರಾಕಿಂದ ದಿನಕ್ಕೆ ಸುಮಾರು 8 ಲಕ್ಷ ಬ್ಯಾರೆಲ್ ಕ್ರೂಡ್ ಆಮದು ಮಾಡ್ತಿತ್ತು! ವಿಶ್ವಸಂಸ್ಥೆಯ ಆಹಾರಕ್ಕಾಗಿ ತೈಲ ಯೋಜನೆಯಡಿ, ಮಧ್ಯವರ್ತಿಗಳ ಮೂಲಕ, ಕಾನೂನು ಪ್ರಕಾರಾನೇ. ಬರೀ ಎಣ್ಣೆ ಬೇಕಿದ್ರೆ ಸದ್ದಾಂ ಜೊತೆ ರಾಜಿ ಮಾಡ್ಕೊಂಡು ಇರಾಕ್ ಮೇಲಿದ್ದ ವ್ಯಾಪಾರ ನಿರ್ಬಂಧ ತೆಗೆದಿದ್ರೆ ಅಗ್ಗಕ್ಕೆ ಸಿಗ್ತಿತ್ತು, ನಿಮ್ಮ ಎರಡನೇ ಸ್ನೇಹಿತರ ವಾದ ಇಲ್ಲಿ ಸರಿಯಾಗಿ ಕೂರತ್ತೆ. ತೊಂದ್ರೆ ಏನಂದ್ರೆ ನಿರ್ಬಂಧ ತೆಗೆದಿದ್ರೆ ಆ ನಿಕ್ಷೇಪಗಳಿಗೆ ಹೋಗ್ತಿದ್ದೋರು ಅಮೆರಿಕದೋರಲ್ಲ. ಸದ್ದಾಂ 1997ರಲ್ಲೇ ವೆಸ್ಟ್ ಕುರ್ನಾ 2 ರಷ್ಯಾದ ಲುಕಾಯಿಲ್‌ಗೆ, ಅಲ್ ಅಹ್ದಾಬ್ ಚೀನಾದ ಸಿಎನ್‌ಪಿಸಿಗೆ ಬರ್ಕೊಟ್ಟಿದ್ದ, ಫ್ರಾನ್ಸಿನ ಕಂಪನಿ ಮಜ್ನೂನ್ ಬಗ್ಗೆ ಮಾತುಕತೆ ನಡೆಸ್ತಿತ್ತು. ನಮ್ಮ ಸರ್ಕಾರಿ ಕಂಪನಿ ಓಎನ್‌ಜಿಸಿ ವಿದೇಶ್‌ಗೂ 2000ದಲ್ಲಿ ಬ್ಲಾಕ್ 8 ಸಿಕ್ಕಿತ್ತು, ಯುದ್ಧ ಬಂದು ಕೆಲಸ ಶುರು ಆಗ್ಲೇ ಇಲ್ಲ.

ಹಾಗಿದ್ರೆ ಯುದ್ಧ ಗೆದ್ದೋರು ಅವನ್ನೆಲ್ಲ ತಮ್ಮದು ಮಾಡ್ಕೊಂಡ್ರಾ? ಪ್ರಯತ್ನ ಆಯ್ತು. ಇರಾಕಿಗೆ ಹೊಸ ತೈಲ ಕಾನೂನು ಬರ್ಬೇಕು, ವಿದೇಶಿ ಕಂಪನಿಗೆ ಎಣ್ಣೇಲೇ ಪಾಲು ಸಿಗೋ ಥರ ಕಾಂಟ್ರಾಕ್ಟಿಗೆ ದಾರಿ ಆಗ್ಬೇಕು ಅಂತ ಅಮೆರಿಕ 2007ರಲ್ಲಿ ಬಹಳ ಒತ್ತಡ ಹಾಕಿತು, ಮಗ ಬುಷ್ ಅದನ್ನ ಇರಾಕ್ ಸರ್ಕಾರದ ಪರೀಕ್ಷೆಗಳಲ್ಲಿ ಒಂದು ಅಂತ ಬಹಿರಂಗವಾಗೇ ಹೇಳಿದ್ರು. ಒಂದೂವರೆ ಲಕ್ಷದಷ್ಟು ಅಮೆರಿಕದ ಸೈನಿಕರು ನೆಲದ ಮೇಲಿದ್ದಾಗಲೇ ಬಾಗ್ದಾದಿನ ಪಾರ್ಲಿಮೆಂಟು ಅದನ್ನ ಪಾಸು ಮಾಡ್ಲಿಲ್ಲ. ಬಸ್ರಾದ ತೈಲ ಕಾರ್ಮಿಕರ ಯೂನಿಯನ್‌ಗಳು ಎದ್ದು ನಿಂತ್ವು.

ಆಮೇಲೆ ಬಂತು 2009 ಜೂನ್ 30ರ ಹರಾಜು, ನನ್ನ ಪ್ರಕಾರ ಈ ಇಡೀ ವಿಷ್ಯದಲ್ಲಿ ನೋಡಲೇಬೇಕಾದ ದೃಶ್ಯ ಅಂದ್ರೆ ಇದೇ. ಬಾಗ್ದಾದಲ್ಲಿ, ಟೀವಿ ಲೈವ್, ಜಗತ್ತಿನ ದೊಡ್ಡ ದೊಡ್ಡ ಎಣ್ಣೆ ಕಂಪನಿಗಳ ಜನ ಲಕೋಟೆ ತಂದು ಎಲ್ಲರೆದುರು ಡಬ್ಬಿಗೆ ಹಾಕ್ತಾರೆ. ದೊಡ್ಡ ಬಹುಮಾನ ರುಮೈಲಾ. ಎಕ್ಸಾನ್ ಮೊಬಿಲ್ ಕೂಟ ಒಂದು ಬ್ಯಾರೆಲ್ ಹೆಚ್ಚುವರಿ ಎಣ್ಣೆ ತೆಗೆದುಕೊಡೋಕೆ 4.80 ಡಾಲರ್ ಕೂಲಿ ಕೇಳತ್ತೆ. ತೈಲ ಮಂತ್ರಿ ಹುಸೇನ್ ಷಹ್ರಿಸ್ತಾನಿ ಸರ್ಕಾರ ಕೊಡೋದು 2 ಡಾಲರ್, ಆಗತ್ತಾ ಇಲ್ವಾ ಅಂತಾರೆ. ಎಕ್ಸಾನ್ ಆಗಲ್ಲ ಅಂತ ಎದ್ದು ಹೋಗತ್ತೆ. 3.99 ಕೇಳಿದ್ದ ಬಿಪಿ ಮತ್ತೆ ಚೀನಾದ ಸಿಎನ್‌ಪಿಸಿ ಜೋಡಿ ಸರಿ 2 ಡಾಲರಿಗೇ ಮಾಡ್ತೀವಿ ಅಂತ ಒಪ್ಕೊಳ್ಳತ್ತೆ. ಆ ದಿನ ಎಣ್ಣೆ ರೇಟು ಬ್ಯಾರೆಲ್ಲಿಗೆ 70 ಡಾಲರ್ ಆಸುಪಾಸು. ಅಂದ್ರೆ ಎಣ್ಣೆ ಇರಾಕಿನದ್ದು, ಕಂಪನಿಗೆ ಸಿಗೋದು ಕೂಲಿ, ಅದೂ 2 ಡಾಲರ್ ಮತ್ತೆ ಅದರ ಮೇಲೆ ಟ್ಯಾಕ್ಸು. ಅದೇ ವರ್ಷ ಡಿಸೆಂಬರಲ್ಲಿ ವೆಸ್ಟ್ ಕುರ್ನಾ 2 ತಿರುಗಿ ಲುಕಾಯಿಲ್ ಕೂಟಕ್ಕೇ ಹೋಯ್ತು, 1.15 ಡಾಲರಿಗೆ. ಹಲ್ಫಾಯಾ ಚೀನಾ ನೇತೃತ್ವದ ಕೂಟಕ್ಕೆ, ಮಜ್ನೂನ್ ಶೆಲ್ ಮತ್ತೆ ಮಲೇಷ್ಯಾದ ಪೆಟ್ರೊನಾಸ್‌ಗೆ. ಅಮೆರಿಕನ್ನರಿಗೆ ಸಿಕ್ಕಿದ್ದು ವೆಸ್ಟ್ ಕುರ್ನಾ 1ರಲ್ಲಿ ಎಕ್ಸಾನ್, ಜುಬೈರಲ್ಲಿ ಆಕ್ಸಿಡೆಂಟಲ್‌ಗೆ ಒಂದು ಪಾಲು. ಆಕ್ಸಿಡೆಂಟಲ್ ಆಮೇಲೆ ಬಿಟ್ಟು ಹೋಯ್ತು, ಎಕ್ಸಾನ್ 2024ರ ಶುರುವಿಗೆ ವೆಸ್ಟ್ ಕುರ್ನಾ 1ರ ಮುಂದಾಳತ್ವ ಪೆಟ್ರೋಚೈನಾಗೆ ಒಪ್ಪಿಸಿ ಹೊರಟಿತು. 1954ರ ಕಾಂಟ್ರಾಕ್ಟ್ ಪಕ್ಕ ಇದನ್ನ ಇಟ್ಟು ನೋಡಿ, ಭೂಮಿ ಆಕಾಶದ ವ್ಯತ್ಯಾಸ. ಮಧ್ಯದ 55 ವರ್ಷದಲ್ಲಿ ಎಣ್ಣೆ ದೇಶಗಳು ರಾಷ್ಟ್ರೀಕರಣ ಮಾಡಿ, ಸ್ವಂತ ಕಂಪನಿ ಕಟ್ಟಿ, ಚೌಕಾಸಿ ಕಲಿತಿದ್ವು. ಟ್ಯಾಂಕು ನುಗ್ಗಿಸಿದ್ರೂ ಅದನ್ನ ಅಳಿಸೋಕೆ ಆಗ್ಲಿಲ್ಲ.

ಹಾಗಂತ ಹಿಡಿತ ಪೂರ್ತಿ ಹೋಯ್ತು ಅಂದ್ಕೋಬೇಡಿ. 2003ರಲ್ಲಿ ಇರಾಕಿನ ಎಣ್ಣೆ ದುಡ್ಡನ್ನ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿನ ಖಾತೇಲಿ ಇಡೋ ವ್ಯವಸ್ಥೆ ಬಂತು, ಅದು ಹೆಸರು ಬದಲಾಯಿಸ್ಕೊಂಡು ಯುದ್ಧ ಮುಗಿದು ಎಷ್ಟೋ ವರ್ಷ ಆದ್ಮೇಲೂ ಮುಂದುವರೀತು. 2020 ಜನವರಿಯಲ್ಲಿ ಇರಾನಿನ ಜನರಲ್ ಖಾಸಿಂ ಸುಲೈಮಾನಿಯನ್ನ ಬಾಗ್ದಾದಲ್ಲಿ ಅಮೆರಿಕ ಕೊಂದ್ಮೇಲೆ ಇರಾಕ್ ಪಾರ್ಲಿಮೆಂಟು ವಿದೇಶಿ ಸೈನ್ಯ ಹೊರಗೆ ಹೋಗ್ಲಿ ಅಂತ ಮತ ಹಾಕಿತು, ಆಗ ಹಾಗೇನಾದ್ರೂ ಮಾಡಿದ್ರೆ ಆ ಖಾತೆಗೆ ಕೈ ಹಾಕೋಕೆ ಬಿಡಲ್ಲ ಅಂತ ಅಮೆರಿಕ ಎಚ್ಚರಿಸಿದ್ದು ವರದಿ ಆಯ್ತು. ದೇಶದ ಸಂಬಳ, ಪಿಂಚಣಿ ಎಲ್ಲ ಆ ಡಾಲರಲ್ಲೇ ನಡೆಯೋದು. ಬಾವಿ ಪಕ್ಕ ಸೈನಿಕ ನಿಲ್ಸೋದಕ್ಕಿಂತ ಪಾಸ್‌ಬುಕ್ ಇಟ್ಕೊಳ್ಳೋದು ಸುಲಭ, ಖರ್ಚೂ ಇಲ್ಲ.

2003ರ ಬಗ್ಗೆ ನನ್ನ ತೀರ್ಮಾನ ಕೇಳಿದ್ರೆ, ಎಣ್ಣೆ ಇಲ್ದಿದ್ರೆ ಆ ಯುದ್ಧ ಯಾರ ತಲೇಲೂ ಹುಟ್ತಿರ್ಲಿಲ್ಲ, ಆದ್ರೆ ಎಣ್ಣೆ ಒಂದರಿಂದಲೇ ಹುಟ್ಟಿದ್ದೂ ಅಲ್ಲ. ಗಲ್ಫನ್ನ ಬೇರೆ ಯಾರೂ ಹಿಡೀಬಾರ್ದು, ಹಿಡಿಯೋಕೆ ಬಂದ್ರೆ ಸೈನ್ಯ ಬಳಸ್ತೀವಿ ಅಂತ ಅಧ್ಯಕ್ಷ ಕಾರ್ಟರ್ 1980 ಜನವರಿಯಲ್ಲೇ ಘೋಷಣೆ ಮಾಡಿದ್ರು, ಅದರ ನೆರಳಲ್ಲಿ 1990ರಿಂದ ಸದ್ದಾಂ ಒಂದು ಮುಗಿಯದ ಸಮಸ್ಯೆಯಾಗಿ ಕೂತಿದ್ದ, ಸೆಪ್ಟೆಂಬರ್ 11ರ ಸಿಟ್ಟು, ಅಣ್ವಸ್ತ್ರದ ಸುಳ್ಳು ಲೆಕ್ಕ, ಪ್ರಜಾಪ್ರಭುತ್ವ ತರ್ತೀವಿ ಅನ್ನೋ ಹಮ್ಮು ಎಲ್ಲ ಸೇರಿ ಕಿಡಿ ಹೊತ್ತಿತು. ಹತ್ತಾರು ಕಾರಣ ಇರೋ ಕಡೆ ಒಂದೇ ಕಾರಣ ಹುಡುಕೋದು ನಮ್ಮ ಆತುರ.

2011ರ ಲಿಬಿಯಾ ಯುದ್ಧಕ್ಕೆ ಈ ವಾದ ಇನ್ನೂ ಸಡಿಲ. ಗಡಾಫಿ 2004ರ ನಂತ್ರ ಪಾಶ್ಚಾತ್ಯ ಕಂಪನಿಗಳಿಗೆ ಬಾಗಿಲು ತೆರೆದಾಗಿತ್ತು, ಅಮೆರಿಕನ್ ಕಂಪನಿಗಳು ವಾಪಸ್ ಬಂದಿದ್ವು, ಇಟಲಿಯ ಇಎನ್‌ಐ 1950ರ ದಶಕದಿಂದಲೂ ಅಲ್ಲೇ ಇತ್ತು. ದಿನಕ್ಕೆ 16 ಲಕ್ಷ ಬ್ಯಾರೆಲ್ ಬರ್ತಿದ್ದಿದ್ದು ಯುದ್ಧದಲ್ಲಿ ಬಹುತೇಕ ನಿಂತು, ಆಮೇಲೂ ವರ್ಷಗಟ್ಟಲೆ ಬಂದರು ಬಂದ್ ಆಗ್ತಾ ತೆರೀತಾ ಇತ್ತು. ಚಿನ್ನದ ದಿನಾರ್ ತರೋಕೆ ಹೊರಟಿದ್ದಕ್ಕೆ ಗಡಾಫಿನ ಕೊಂದ್ರು, ಸದ್ದಾಂ ಡಾಲರ್ ಬಿಟ್ಟು ಯೂರೋಲಿ ಎಣ್ಣೆ ಮಾರಿದ್ದಕ್ಕೆ ಯುದ್ಧ ಅಂತೆಲ್ಲ ಹೇಳೋರಿದ್ದಾರೆ. ಸದ್ದಾಂ 2000ದ ಕೊನೇಲಿ ಯೂರೋಗೆ ಬದಲಾಗಿದ್ದು ನಿಜ. ಆದ್ರೆ ಬಿಲ್ಲು ಯಾವ ಕರೆನ್ಸೀಲಿ ಅನ್ನೋದರಿಂದ ಡಾಲರ್ ನಡುಗಲ್ಲ ರೀ. ನಾವೇ ಇರಾನಿನ ಎಣ್ಣೆಗೆ ಯೂಕೋ ಬ್ಯಾಂಕಿನ ಮೂಲಕ ರೂಪಾಯಿ ಕೊಟ್ಟಿದ್ದೀವಿ, ಯಾರೂ ಬಾಂಬ್ ಹಾಕ್ಲಿಲ್ಲ.

ಸಿರಿಯಾದಲ್ಲಿ ಮಾತ್ರ ಎಲ್ಲ ಉಲ್ಟಾ. 2019ರಲ್ಲಿ ಟ್ರಂಪ್ ಎಣ್ಣೆ ನಾವು ಇಟ್ಕೊಳ್ತೀವಿ ಅಂತ ಬಾಯ್ಬಿಟ್ಟು ಹೇಳಿದ್ರು, ಮುಚ್ಚುಮರೆ ಇಲ್ಲ. ಆದ್ರೆ ಅಂತರ್ಯುದ್ಧಕ್ಕೆ ಮುಂಚೆ ಸಿರಿಯಾ ಇಡೀ ದೇಶದಲ್ಲಿ ತೆಗೀತಿದ್ದಿದ್ದೇ ದಿನಕ್ಕೆ 4 ಲಕ್ಷ ಬ್ಯಾರೆಲ್ ಒಳಗೆ, ಜಗತ್ತಿನ ಲೆಕ್ಕದಲ್ಲಿ ಅರ್ಧ ಪರ್ಸೆಂಟೂ ಇಲ್ಲ. ಆ ಎಣ್ಣೆ ಐಸಿಸ್ ಕೈಗೂ ಅಸಾದ್ ಕೈಗೂ ಹೋಗ್ಬಾರ್ದು ಅನ್ನೋದು ಸೈನ್ಯದ ಉದ್ದೇಶ, ಅಧ್ಯಕ್ಷರಿಗೆ ಸೈನ್ಯ ಅಲ್ಲೇ ಇರೋಕೆ ಒಪ್ಪಿಸೋದಕ್ಕೆ ಎಣ್ಣೆ ಹೆಸರು ಹೇಳಿದ್ರು ಅಂತಾನೇ ನನಗನ್ಸತ್ತೆ. ಮಿಕ್ಕ ಕಡೆ ಎಣ್ಣೆ ಮುಚ್ಚಿಡೋಕೆ ಬೇರೆ ನೆಪ ಹೇಳ್ತಿದ್ರು, ಇಲ್ಲಿ ಬೇರೇದಕ್ಕೆ ಎಣ್ಣೇನೇ ನೆಪ.

ಇನ್ನು ಅಮೆರಿಕದಲ್ಲೇ ಎಣ್ಣೆ ಇದೆಯಲ್ಲ ಅನ್ನೋ ಪ್ರಶ್ನೆ. ನಿಜ, ಶೇಲ್ ಎಣ್ಣೆ, ಅಂದ್ರೆ ಬಂಡೆ ಒಡೆದು ತೆಗೆಯೋ ಎಣ್ಣೆ, ಬಂದ್ಮೇಲೆ 2018ರಿಂದ ಜಗತ್ತಿನ ಅತಿ ದೊಡ್ಡ ಕ್ರೂಡ್ ಉತ್ಪಾದಕ ದೇಶ ಅದೇ. ಆದ್ರೆ ಎಣ್ಣೆ ಮಾರ್ಕೆಟ್ಟು ಒಂದೇ ಕೆರೆ ಇದ್ದಂಗೆ, ಯಾವ ತೂಬು ಒಡೆದ್ರೂ ಮಟ್ಟ ಎಲ್ಲಾ ಕಡೆ ಇಳಿಯತ್ತೆ. ಗಲ್ಫಲ್ಲಿ ಹೆಚ್ಚುಕಮ್ಮಿ ಆದ್ರೆ ಟೆಕ್ಸಾಸಿನ ಪಂಪಲ್ಲೂ ರೇಟು ಏರತ್ತೆ, ಅಲ್ಲಿ ಪೆಟ್ರೋಲ್ ರೇಟು ಏರಿದ್ರೆ ಅಧ್ಯಕ್ಷರ ಓಟು ಇಳಿಯತ್ತೆ. ಹಾಗಾಗಿ ಸ್ವಂತ ಎಣ್ಣೆ ಇದ್ರೂ ಗಲ್ಫಿನ ಎಣ್ಣೆ ಹಡಗುಗಳು ಹೊರಗೆ ಬರೋ ಹಾರ್ಮುಜ್ ಜಲಸಂಧಿ ಬಗ್ಗೆ ತಲೆ ಕೆಡಿಸ್ಕೊಳ್ಳದೆ ಇರೋಕಾಗಲ್ಲ. 2024ರ ಲೆಕ್ಕದಲ್ಲಿ ಜಗತ್ತು ಉಪಯೋಗಿಸೋ ಎಣ್ಣೇಲಿ ಸುಮಾರು ಐದನೇ ಒಂದು ಭಾಗ ಆ ಸಂದಿಯಿಂದ ಹೋಗಿದೆ. ಅದರಲ್ಲಿ ಕ್ರೂಡಿನ ಐದರಲ್ಲಿ ನಾಲ್ಕು ಪಾಲಿಗಿಂತ ಜಾಸ್ತಿ ಹೋಗಿದ್ದು ಏಷ್ಯಾಕ್ಕೆ, ಚೀನಾ, ಭಾರತ, ಜಪಾನ್, ಕೊರಿಯಾ. ಕಾವಲಿನ ಖರ್ಚು ಅಮೆರಿಕದ್ದು, ಎಣ್ಣೆ ಬರೋದು ನಮ್ಗೆ. ಇದನ್ನ ಉಪಕಾರ ಅಂತ ತಿಳ್ಕೋಬೇಡಿ, ಕಾಯೋ ಕೈಗೆ ಮುಚ್ಚೋಕೂ ಬರತ್ತೆ. ಮಂಗಳೂರಿನ ಎಂಆರ್‌ಪಿಎಲ್ ರಿಫೈನರಿ ಇರಾನಿನ ಕ್ರೂಡ್ ಕೊಳ್ಳೋ ದೊಡ್ಡ ಗಿರಾಕಿಗಳಲ್ಲಿ ಒಂದಾಗಿತ್ತು, 2019 ಮೇನಲ್ಲಿ ಅಮೆರಿಕ, ಇರಾನ್ ಮೇಲಿನ ನಮ್ಮ ನಿರ್ಬಂಧದಿಂದ ನಿಮ್ಗೆ ಕೊಟ್ಟಿದ್ದ ವಿನಾಯಿತಿ ಮುಗೀತು ಅಂದ ತಕ್ಷಣ ಭಾರತ ಇರಾನಿಂದ ಕೊಳ್ಳೋದು ನಿಲ್ಸಿತು. ಒಂದು ಗುಂಡು ಹಾರ್ಲಿಲ್ಲ, 1952ರಲ್ಲಿ ರೋಸ್ ಮೇರಿ ಹಿಡಿದ ಹಾಗೆ ಒಂದು ಹಡಗೂ ಹಿಡೀಲಿಲ್ಲ. ಡಾಲರ್ ವ್ಯವಹಾರ ತಪ್ಪತ್ತೆ ಅನ್ನೋ ಭಯಕ್ಕೆ ಬ್ಯಾಂಕು, ಇನ್ಶೂರೆನ್ಸಿನೋರು ತಾವಾಗೇ ಹಿಂದೆ ಸರಿದ್ರು.

ಅಂದ್ಹಾಗೆ ಮುಂದಿನ ಸಲ ಊಟದ ಹೊತ್ತಲ್ಲಿ ಜಗಳ ಆದಾಗ ಇದನ್ನೂ ಹಾಕಿ. ಅದೇ 2019ರ ಜೂನಲ್ಲಿ ಓಮನ್ ಕೊಲ್ಲಿಯಲ್ಲಿ ಟ್ಯಾಂಕರುಗಳ ಮೇಲೆ ದಾಳಿ ಆದ್ಮೇಲೆ ಭಾರತದ ನೌಕಾಪಡೇನೂ ಆಪರೇಷನ್ ಸಂಕಲ್ಪ್ ಅಂತ ಯುದ್ಧನೌಕೆ ಕಳ್ಸಿ ನಮ್ಮ ಧ್ವಜದ ಹಡಗುಗಳಿಗೆ ಕಾವಲು ಕೊಡೋಕೆ ಶುರು ಮಾಡಿತು. ಯಾರ ನೆಲಕ್ಕೂ ನಾವು ಇಳೀಲಿಲ್ಲ, ಯಾರ ಸರ್ಕಾರಾನೂ ಬೀಳಿಸ್ಲಿಲ್ಲ, ಅದು ದೊಡ್ಡ ವ್ಯತ್ಯಾಸ, ನಾನು ಒಪ್ತೀನಿ. ಆದ್ರೆ ಎಣ್ಣೆ ಬೇಕಾದ್ರೆ ದುಡ್ಡು ಕೊಟ್ಟು ತಗೊಂಡ್ರಾಯ್ತು ಅನ್ನೋ ನಿಮ್ಮ ಎರಡನೇ ಸ್ನೇಹಿತರಿಗೆ ಕೇಳಿ, ದುಡ್ಡು ಕೊಟ್ಟು ತಗೊಂಡ ಎಣ್ಣೆ ಮನೆ ತಲುಪೋಕೆ ನಮ್ಗೂ ಯುದ್ಧನೌಕೆ ಯಾಕ್ ಬೇಕಾಯ್ತು ಅಂತ.